ಅನುರಣನವೂ ಗದ್ದಲವೂ: ಅಳಗುಳಿಮಣೆ ಕಲಿಸಿದ ಒಂದು ಪಾಠ

ಪೀಠಿಕೆ

ಈ ಸ್ಮರಣಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂಬ ಆದೇಶ ಬಂದಾಗ, ರೂಢಿಯಂತೆ ಹಳಗನ್ನಡ ಕಾವ್ಯದ ಒಂದು ಪ್ರಸಂಗವನ್ನೋ ಛಂದಸ್ಸಿನ ಒಂದು ಸಮಸ್ಯೆಯನ್ನೋ ಎತ್ತಿಕೊಳ್ಳೋಣವೆಂದು ನಾನು ಸಂಕಲ್ಪಿಸಿದ್ದೆನು. ಆ ಸಂಕಲ್ಪವನ್ನು ಬದಲಿಸಿದ್ದು ಒಂದು ಒಣ ಬಟಾಣಿಕಾಳು. ನಮ್ಮ ವಿಜ್ಞಾನದ ಅಧ್ಯಾಪಕಮಿತ್ರರೊಬ್ಬರು ಒಂದು ಸಂಜೆ ಅಧ್ಯಾಪಕರ ಕೊಠಡಿಯಲ್ಲಿ ಅಳಗುಳಿಮಣೆಯನ್ನು ಮುಂದಿಟ್ಟುಕೊಂಡು, ಅದರ ಕುಳಿಯಲ್ಲಿ ಆ ಕಾಳನ್ನು ಇರಿಸಿ, ಮಣೆಯನ್ನು ಮೆಲ್ಲನೆ ಓಲಾಡಿಸುತ್ತಲೂ ಬೆರಳಿನಿಂದ ತಟ್ಟುತ್ತಲೂ ನನಗೆ ಒಂದು ಚಿಕ್ಕ ಪ್ರಯೋಗವನ್ನು ತೋರಿಸಿದರು. ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ನಾನು ಪರಮಸತ್ಯವೆಂದು ನಂಬಿದ್ದ ಒಂದು ವಿಷಯವನ್ನು ಆ ಕಾಳು ಅಲ್ಲಾಡಿಸಿತು. ಗದ್ದಲವೆಂಬುದು ಎಲ್ಲೆಡೆಯಲ್ಲಿಯೂ ಎಲ್ಲ ಕಾಲದಲ್ಲಿಯೂ ಶತ್ರುವೇ ಎಂಬುದು ಆ ನಂಬಿಕೆ.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದುದರಿಂದ ಇಲ್ಲಿ ಗಣಿತದ ಸಮೀಕರಣಗಳಿಲ್ಲ. ಮಿತ್ರರಿಂದ ಕೇಳಿ, ಪುಸ್ತಕಗಳಿಂದ ಓದಿ, ಕೈಯಾರೆ ಮಾಡಿನೋಡಿ ತಿಳಿದುಕೊಂಡಷ್ಟನ್ನು ನನ್ನ ಸಹೋದ್ಯೋಗಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಶಾಲೆಯ ಪೋಷಕರಾದ ಮಹನೀಯರಿಗೂ ಪಾಠದ ಕ್ರಮದಲ್ಲಿ ನಿವೇದಿಸಿಕೊಳ್ಳುತ್ತೇನೆ.

೧. ನಮ್ಮ ದ್ವೀಪದ ತೂಗುವ ಕಮಾನು

ಗಂಜಾಮಿನವರಿಗೆ ಆಂದೋಲನದ ಪಾಠವನ್ನು ದೂರದಿಂದ ತರಬೇಕಾದ ಅಗತ್ಯವಿಲ್ಲ. ಮದರಾಸು ಸೈನ್ಯದಲ್ಲಿ ಇಂಜಿನಿಯರಾಗಿದ್ದ ಕ್ಯಾಪ್ಟನ್ ಥಾಮಸ್ ಫಿಯೊಟ್ ಡಿ ಹ್ಯಾವಿಲೆಂಡ್ ಎಂಬಾತನು ೧೮೦೮ರ ಸುಮಾರಿನಲ್ಲಿ ಶ್ರೀರಂಗಪಟ್ಟಣದ ಈ ದ್ವೀಪದ ಮೇಲೆಯೇ ಇಟ್ಟಿಗೆಯ ಒಂಟಿ ಕಮಾನೊಂದನ್ನು ಕಟ್ಟಿಸಿದನು. ನೂರು ಅಡಿಗಳಿಗೂ ಮೀರಿದ ಹರವುಳ್ಳ ಆ ಕಮಾನಿನ ಅಡಿಯಲ್ಲಿ ಹೊಳೆಯಿರಲಿಲ್ಲ, ಮೇಲೆ ದಾರಿಯೂ ಇರಲಿಲ್ಲ. ಕೆಲವೇ ವರ್ಷಗಳ ಹಿಂದೆ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, ೧೮೦೪ರಲ್ಲಿ ಪೂರ್ಣಗೊಂಡಿದ್ದ ವೆಲ್ಲೆಸ್ಲಿ ಸೇತುವೆಯು ಒತ್ತೊತ್ತಾಗಿ ನಿಲ್ಲಿಸಿದ ಕಲ್ಲುಕಂಬಗಳ ಮೇಲೆ ಕಾವೇರಿಯನ್ನು ದಾಟಿತ್ತು. ಅಷ್ಟು ಕಂಬಗಳಿಲ್ಲದೆಯೇ ಇಟ್ಟಿಗೆಯ ಅಗಲವಾದ ಕಮಾನುಗಳಿಂದ ನದಿಗೆ ಸೇತುವೆ ಕಟ್ಟಬಹುದೆಂದು ತೋರಿಸಿಕೊಡುವುದೇ ಡಿ ಹ್ಯಾವಿಲೆಂಡನ ಉದ್ದೇಶವಾಗಿತ್ತು.

ಈ ಕಮಾನು ಪ್ರಸಿದ್ಧವಾದುದು ಇನ್ನೊಂದು ಗುಣಕ್ಕಾಗಿ. ಅದರ ನಡುನೆತ್ತಿಯ ಮೇಲೆ ನಿಂತು ಕುಪ್ಪಳಿಸಿದರೆ ಕಮಾನು ತೂಗುವುದು ಕಾಲಿಗೆ ತಿಳಿಯುತ್ತಿತ್ತು. ಇಟ್ಟಿಗೆ ಗಾರೆಗಳ ಜಡರಾಶಿಯೊಂದು ಒಬ್ಬ ಮನುಷ್ಯನ ಕಾಲಿನ ಪೆಟ್ಟಿಗೆ ತೂಗುವುದೆಂದರೇನು? ಹೀಗೆ ತೂಗುತ್ತಲೇ ಆ ಕಮಾನು ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಿಂತಿತ್ತು; ೧೯೩೦ರ ದಶಕದಲ್ಲಿ ಕುಸಿದುಬಿತ್ತು. ಅದನ್ನು ಕಟ್ಟಿದಾತನು ಮುಂದೆ ಮದರಾಸಿನಲ್ಲಿ ಇಟ್ಟಿಗೆಯ ಗುಮ್ಮಟವುಳ್ಳ ಸೇಂಟ್ ಆಂಡ್ರೂಸ್ ಚರ್ಚನ್ನು ಕಟ್ಟಿಸಿದನು. ಅದು ೧೮೨೧ರಲ್ಲಿ ಮುಗಿದು ಇಂದಿಗೂ ನಿಂತಿದೆ.

ಈ ಕಮಾನಿನಿಂದ ಪಾಠದ ಮೊದಲ ಸೂತ್ರ ಸಿಕ್ಕುತ್ತದೆ. ಗಟ್ಟಿಯೆಂದು ನಾವು ಭಾವಿಸುವ ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ತೂಗಾಟವಿದೆ. ಒಂದು ನಿಮಿಷಕ್ಕೆ ಇಷ್ಟು ಸಲ ಎಂಬ ಲೆಕ್ಕವೂ ಉಂಟು. ಇದನ್ನು ಆ ವಸ್ತುವಿನ ಸಹಜ ಆವೃತ್ತಿ ಎನ್ನುತ್ತಾರೆ. ಹೊರಗಿನ ಪೆಟ್ಟು ಈ ಸಹಜ ಆವೃತ್ತಿಗೆ ಹೊಂದಿಬಂದಾಗ ಅಲ್ಪವಾದ ಪೆಟ್ಟೂ ದೊಡ್ಡ ಕಂಪನವಾಗಿ ಬೆಳೆಯುತ್ತದೆ.

೨. ಅನುರಣನವೆಂಬ ಪದ

ಹೀಗೆ ಹೊಂದಿಬಂದು ಬೆಳೆಯುವ ಕಂಪನವನ್ನು ನಮ್ಮ ಪಠ್ಯಪುಸ್ತಕಗಳು ಅನುರಣನವೆಂದೂ ಅನುನಾದವೆಂದೂ ಕರೆಯುತ್ತವೆ. ಪಂಡಿತವೃತ್ತಿಯವನಾದ ನನಗೆ ಈ ಪದದ ಮೇಲೆ ವಿಶೇಷವಾದ ಮಮತೆ. ಕಾಶ್ಮೀರದ ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಧ್ವನ್ಯಾಲೋಕದಲ್ಲಿ ಅನುರಣನರೂಪವಾದ ವ್ಯಂಗ್ಯವೆಂಬ ಒಂದು ಪ್ರಭೇದವುಂಟು. ಘಂಟೆಯನ್ನು ಬಾರಿಸಿದ ಮೇಲೆ ಅದರ ನಾದವು ಹಿಂದೆಯೇ ಅನುಸರಿಸಿ ಬರುವಂತೆ, ವಾಚ್ಯಾರ್ಥವು ತಿಳಿದ ಮೇಲೆ ಅದರ ಬೆನ್ನಿಗೆ ವ್ಯಂಗ್ಯಾರ್ಥವು ಹೊಳೆಯುವುದೆಂದು ಅಲ್ಲಿಯ ಅಭಿಪ್ರಾಯ. ಅದೇ ಶತಮಾನದ ನಮ್ಮ ಕವಿರಾಜಮಾರ್ಗವೂ ಧ್ವನಿಯನ್ನು ಅಲಂಕಾರವೆಂದು ಹೆಸರಿಸುತ್ತದೆಯೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಆದರೆ ಆಲಂಕಾರಿಕರ ಅನುರಣನಕ್ಕೂ ವಿಜ್ಞಾನಿಗಳ ಅನುರಣನಕ್ಕೂ ಒಂದು ಭೇದವುಂಟೆಂಬುದನ್ನು ಮರೆಯಬಾರದು. ಬಾರಿಸಿ ಬಿಟ್ಟ ಘಂಟೆಯ ನಾದವು ತನ್ನಷ್ಟಕ್ಕೆ ತಾನೇ ಕ್ಷೀಣಿಸುತ್ತ ಹೋಗುವಂಥದು. ವಿಜ್ಞಾನದ ಅನುರಣನವಾದರೋ ಎರಡನೆಯದೊಂದನ್ನು ಬೇಡುತ್ತದೆ: ಕೊಡುವುದೊಂದು, ಕೊಂಡು ಬೆಳೆಸುವುದೊಂದು. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿಗಳನ್ನು ಎದುರುಬದುರಾಗಿ ಇರಿಸಿ, ಒಂದರ ತಂತಿಯ ಮೇಲೆ ಮಡಿಸಿದ ಚಿಕ್ಕ ಕಾಗದದ ಚೂರನ್ನು ಕೂರಿಸಿ, ಮತ್ತೊಂದನ್ನು ಮೀಟಿರಿ. ಮುಟ್ಟದೆ ಇದ್ದ ತಂತಿಯ ಮೇಲಿನ ಕಾಗದ ಕುಣಿಯುತ್ತದೆ. ಶ್ರುತಿ ತಪ್ಪಿಸಿದರೆ ಕುಣಿಯುವುದಿಲ್ಲ. ಕವಿಯ ಮಾತಿಗೆ ಮಿಡಿಯುವವನನ್ನು ನಮ್ಮ ಹಿರಿಯರು ಸಹೃದಯ, ಎಂದರೆ ಸಮಾನವಾದ ಹೃದಯವುಳ್ಳವನು, ಎಂದು ಕರೆದದ್ದು ಎಷ್ಟು ಉಚಿತವೆಂಬುದು ಈ ಪ್ರಯೋಗದಿಂದ ವಿಶದವಾಗುತ್ತದೆ.

ಅನುರಣನವು ಹಿತವನ್ನೇ ಮಾಡುವುದೆಂದು ಹೇಳುವಂತಿಲ್ಲ. ೧೮೩೧ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಸಮೀಪದ ಬ್ರಾಟನ್ ತೂಗುಸೇತುವೆಯ ಮೇಲೆ ಸೈನಿಕರು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದಾಗ ಸೇತುವೆ ಮುರಿದುಬಿತ್ತು. ಅಂದಿನಿಂದ ಸೇತುವೆಯ ಮೇಲೆ ಹೆಜ್ಜೆ ಮುರಿದು ನಡೆಯಬೇಕೆಂಬ ಆಜ್ಞೆ ಆ ಸೈನ್ಯದಲ್ಲಿ ಹುಟ್ಟಿತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸೇತುವೆಯನ್ನು ಕೆಡಿಸಿದ್ದು ಸೈನಿಕರ ಶಿಸ್ತು. ಕಾಪಾಡುವುದು ಅವರ ಅಸ್ತವ್ಯಸ್ತವಾದ ನಡಿಗೆ. ಗದ್ದಲವು ರಕ್ಷಕನಾಗುವ ಮೊದಲ ನಿದರ್ಶನ ಇದು.

೩. ಕೊಟ್ಟಷ್ಟೇ ಬಾರದ ಲೋಕ

ಎರಡರಷ್ಟು ತಳ್ಳಿದರೆ ಎರಡರಷ್ಟು ತೂಗುವುದು, ಮೂರರಷ್ಟು ತಳ್ಳಿದರೆ ಮೂರರಷ್ಟು ತೂಗುವುದು, ಹೀಗೆ ಕೊಟ್ಟುದಕ್ಕೆ ಸರಿಪ್ರಮಾಣದಲ್ಲಿ ಮರಳಿಸುವ ವ್ಯವಸ್ಥೆಯನ್ನು ರೇಖೀಯವೆನ್ನುತ್ತಾರೆ. ಕೊಟ್ಟುದನ್ನೂ ಬಂದುದನ್ನೂ ನಕ್ಷೆಯಲ್ಲಿ ಗುರುತಿಸಿದರೆ ನೇರವಾದ ಗೆರೆ ಬರುವುದರಿಂದ ಈ ಹೆಸರು. ಹಾಗೆ ಬಾರದುದು ಅರೇಖೀಯ. ಲೋಕದಲ್ಲಿ ಅರೇಖೀಯವೇ ಹೆಚ್ಚು. ಕಂಪನವು ಚಿಕ್ಕದಾಗಿರುವಾಗ ಮಾತ್ರ ಬಹುಮಟ್ಟಿಗೆ ಎಲ್ಲವೂ ರೇಖೀಯವೆಂಬಂತೆ ನಟಿಸುತ್ತವೆ.

ಮರದ ಕೊಂಬೆಗೆ ಕಟ್ಟಿದ ಉಯ್ಯಾಲೆಯನ್ನೇ ನೋಡೋಣ. ನಾಲ್ಕು ಮೀಟರ್ ಉದ್ದದ ಹಗ್ಗಕ್ಕೆ ಕಟ್ಟಿದ ಉಯ್ಯಾಲೆಯು ಮೆಲ್ಲನೆ ತೂಗುವಾಗ ಒಂದು ಸಲ ಹೋಗಿಬರಲು ಸರಿಸುಮಾರು ನಾಲ್ಕು ಸೆಕೆಂಡು ಹಿಡಿಯುತ್ತದೆ. ಸ್ವಲ್ಪ ಹೆಚ್ಚು ತೂಗಿದರೂ ಅಷ್ಟೇ ಕಾಲ. ಶಾಲೆಯ ಪಾಠ ಇಲ್ಲಿಗೇ ನಿಲ್ಲುವುದು ವಾಡಿಕೆ. ಆದರೆ ಹಗ್ಗವು ನೆಲಕ್ಕೆ ಸಮಾನಾಂತರವಾಗುವಷ್ಟು ಎತ್ತರಕ್ಕೆ ಉಯ್ಯಾಲೆ ಏರತೊಡಗಿದರೆ, ಅದೇ ಪಯಣಕ್ಕೆ ಸುಮಾರು ೪.೭ ಸೆಕೆಂಡು ಬೇಕಾಗುತ್ತದೆ. ಎಂದರೆ ನೂರಕ್ಕೆ ಹದಿನೆಂಟರಷ್ಟು ಹೆಚ್ಚು. ಕಣ್ಣುಮುಚ್ಚಿಕೊಂಡು ನಾಲ್ಕು ಸೆಕೆಂಡಿಗೊಮ್ಮೆ ತಳ್ಳುತ್ತ ನಿಂತವನ ಕೈಗೆ ಆಗ ಉಯ್ಯಾಲೆ ಎದುರಾಗಿ ಬಂದು ಬಡಿಯುತ್ತದೆ. ಅನುರಣನದಿಂದ ಬೆಳೆದ ಕಂಪನವು ತನ್ನ ಬೆಳವಣಿಗೆಯಿಂದಲೇ ತನ್ನ ಆವೃತ್ತಿಯನ್ನು ಬದಲಿಸಿಕೊಂಡು, ಬೆಳೆಸಿದವನ ತಾಳಕ್ಕೆ ಸಿಕ್ಕದೆ ಹೋಗುತ್ತದೆ. ಮಕ್ಕಳನ್ನು ಬೆಳೆಸಿದವರಿಗೂ ಕಲಿಸಿದವರಿಗೂ ಇದು ಹೊಸ ಮಾತೇನಲ್ಲ.

ಇಂಥ ವ್ಯವಸ್ಥೆಗಳನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ಜರ್ಮನಿಯ ಇಂಜಿನಿಯರ್ ಗೇಯೋರ್ಗ್ ಡುಫಿಂಗ್ ಮುಖ್ಯನು. ೧೯೧೮ರಲ್ಲಿ ಪ್ರಕಟವಾದ ಆತನ ಗ್ರಂಥದಿಂದ ಈ ಬಗೆಯ ಆಂದೋಲಕಕ್ಕೆ ಡುಫಿಂಗ್ ಆಂದೋಲಕವೆಂಬ ಹೆಸರೇ ನಿಂತಿತು. ಅದರ ವರ್ತನೆ ವಿಚಿತ್ರವಾದುದು. ಹೊರಗಿನ ತಾಳದ ವೇಗವನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ ಕಂಪನವು ಬೆಳೆದು, ಒಂದು ಎಡೆಯಲ್ಲಿ ಥಟ್ಟನೆ ಕುಸಿಯುತ್ತದೆ. ಅದೇ ವೇಗವನ್ನು ಮೇಲಿನಿಂದ ಇಳಿಸುತ್ತ ಬಂದರೆ ಕುಸಿದ ಎಡೆಯಲ್ಲಿ ಮೇಲೇಳುವುದಿಲ್ಲ. ಇನ್ನೂ ಕೆಳಗಿನ ಮತ್ತೊಂದು ಎಡೆಯಲ್ಲಿ ಥಟ್ಟನೆ ನೆಗೆಯುತ್ತದೆ. ನಡುವಣ ವೇಗಗಳಲ್ಲಿ ಒಂದೇ ತಾಳಕ್ಕೆ ಎರಡು ಉತ್ತರಗಳು ಸಾಧ್ಯ. ಯಾವುದು ದೊರೆಯುವುದೆಂಬುದು ವ್ಯವಸ್ಥೆಯು ನಡೆದುಬಂದ ದಾರಿಯನ್ನು ಅವಲಂಬಿಸಿದೆ.

ಕನ್ನಡನಾಡಿನ ವಿಜ್ಞಾನಿಯೊಬ್ಬರು ಈ ಕ್ಷೇತ್ರದಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಸ್ಮರಿಸಲೇಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತ, ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಮೊದಲಿಗರಲ್ಲಿ ಒಬ್ಬರಾಗಿದ್ದ ಆರ್. ಎಲ್. ನರಸಿಂಹಯ್ಯನವರ ಪುತ್ರ ರೊದ್ದಂ ನರಸಿಂಹ ಅವರು ೧೯೩೩ರಲ್ಲಿ ಹುಟ್ಟಿ ೨೦೨೦ರಲ್ಲಿ ದಿವಂಗತರಾದರು. ದ್ರವಗಳ ಹರಿವಿನ ಶಾಸ್ತ್ರದಲ್ಲಿ ಲೋಕಖ್ಯಾತರಾದ ಅವರು ೧೯೬೮ರಲ್ಲಿ ಸ್ಥಿತಿಸ್ಥಾಪಕ ತಂತಿಯ ಅರೇಖೀಯ ಕಂಪನವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ತಂತಿಯನ್ನು ಮೀಟಿದಾಗ ಅದು ಬಾಗುವುದರಿಂದ ಅದರ ಉದ್ದ ಕಿಂಚಿತ್ತು ಹೆಚ್ಚುತ್ತದೆ. ಉದ್ದ ಹೆಚ್ಚಿದಂತೆ ಬಿಗುವೂ ಹೆಚ್ಚುತ್ತದೆ. ಬಿಗುವು ಕಂಪನದೊಡನೆ ಬದಲಾಗುವುದರಿಂದ ತಂತಿಯೂ ಅರೇಖೀಯವೇ. ಒಂದೇ ಸಮತಲದಲ್ಲಿ ಅಲ್ಲಾಡಿಸಿದ ತಂತಿಯು ಅನುರಣನದ ಸಮೀಪದಲ್ಲಿ ಆ ಸಮತಲವನ್ನು ಬಿಟ್ಟು ಸುತ್ತತೊಡಗುವುದೂ ಇದರ ಫಲವೇ.

ತಂಬೂರಿಯ ಮಾಧುರ್ಯದ ಗುಟ್ಟೂ ಅರೇಖೀಯತೆಯಲ್ಲಿಯೇ ಇದೆ. ಸಿ. ವಿ. ರಾಮನ್ ಅವರು ೧೯೨೧ರಲ್ಲಿ ಕಲ್ಕತ್ತೆಯಲ್ಲಿದ್ದಾಗ ವೀಣೆ ತಂಬೂರಿಗಳನ್ನು ಪರೀಕ್ಷಿಸಿ ಒಂದು ವಿಲಕ್ಷಣವನ್ನು ಕಂಡರು. ಪಾಶ್ಚಾತ್ಯ ನಿಯಮದ ಪ್ರಕಾರ ತಂತಿಯನ್ನು ಯಾವ ಸ್ವರಾಂಶದ ನಿಶ್ಚಲಬಿಂದುವಿನಲ್ಲಿ ಮೀಟುತ್ತೇವೆಯೋ ಆ ಸ್ವರಾಂಶ ಕೇಳಬಾರದು. ನಮ್ಮ ವಾದ್ಯಗಳಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ. ಕಾರಣ, ತಂತಿಯು ಕುದುರೆಯ ಮೇಲೆ ಚೂಪಾದ ಅಂಚಿನಲ್ಲಿ ನಿಲ್ಲದೆ, ತುಸು ಉಬ್ಬಿದ ಅಗಲವಾದ ಮೈಯ ಮೇಲೆ ಒಮ್ಮೆ ತಾಗುತ್ತ ಒಮ್ಮೆ ಬಿಡುತ್ತ ಇರುತ್ತದೆ. ವಾದಕನು ತಂತಿಗೂ ಕುದುರೆಗೂ ನಡುವೆ ಸೇರಿಸುವ ಹತ್ತಿಯ ಎಳೆಯು ಈ ತಾಗಾಟವನ್ನು ಹದಗೊಳಿಸುತ್ತದೆ. ಆ ಎಳೆಗೆ ಜೀವವೆಂದೇ ಹೆಸರು. ಎಳೆ ಒಂದು ಕೂದಲಿನಷ್ಟು ಸರಿದರೂ ನಾದ ಸಾಯುತ್ತದೆ. ಮರಳಿ ಸರಿಪಡಿಸಿದರೆ ತಂತಿ ಗುಂಯ್ಗುಡುತ್ತದೆ. ಹದವೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಪಾಠವೆಲ್ಲ ಅದರ ಮೇಲೆಯೇ ನಿಂತಿದೆ.

೪. ಗದ್ದಲವೆಂದರೇನು

ವಿಜ್ಞಾನದಲ್ಲಿ ಗದ್ದಲವೆಂದರೆ ಕಿವಿಗೆ ಕೇಳುವ ಸದ್ದು ಮಾತ್ರವಲ್ಲ. ಯಾವ ತಾಳಕ್ಕೂ ಸಿಕ್ಕದೆ, ಮುಂದಿನ ಕ್ಷಣ ಹೇಗಿರುವುದೆಂದು ಹೇಳಲಾಗದೆ ಏರಿಳಿಯುವ ಎಲ್ಲವೂ ಗದ್ದಲವೇ. ೧೮೨೭ರಲ್ಲಿ ರಾಬರ್ಟ್ ಬ್ರೌನ್ ನೀರಿನಲ್ಲಿ ಪರಾಗದ ಅತಿಸೂಕ್ಷ್ಮ ಕಣಗಳು ಎಡೆಬಿಡದೆ ತಡಬಡಿಸುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಕಣ್ಣಿಗೆ ಕಾಣದ ಅಣುಗಳು ಎಲ್ಲ ಕಡೆಯಿಂದ ಬಡಿಯುವುದೇ ಅದಕ್ಕೆ ಕಾರಣವೆಂದು ೧೯೦೫ರಲ್ಲಿ ಐನ್‌ಸ್ಟೈನ್ ಗಣಿತದಿಂದ ತೋರಿಸಿದನು. ಶಾಖವಿರುವಲ್ಲೆಲ್ಲ ಈ ಗದ್ದಲವಿದೆ. ತಂತಿಯಲ್ಲಿ ಹರಿಯುವ ವಿದ್ಯುತ್ತಿನಲ್ಲಿಯೂ ನಮ್ಮ ನರಗಳಲ್ಲಿಯೂ ಇದೆ. ಸಂಪೂರ್ಣ ನಿಶ್ಶಬ್ದವೆಂಬುದು ಸೃಷ್ಟಿಯಲ್ಲಿ ಎಲ್ಲಿಯೂ ಇಲ್ಲ.

ಗದ್ದಲದಂತೆ ಕೇಳುವುದೆಲ್ಲ ಹೊರಗಿನಿಂದ ಬಂದುದೂ ಅಲ್ಲ. ಹಾಲೆಂಡಿನ ಬಾಲ್ತಸಾರ್ ವಾನ್ ಡೆರ್ ಪೋಲ್ ಮತ್ತು ಆತನ ಸಹೋದ್ಯೋಗಿ ವಾನ್ ಡೆರ್ ಮಾರ್ಕ್ ೧೯೨೭ರಲ್ಲಿ ನಿಯಾನ್ ದೀಪವುಳ್ಳ ಒಂದು ಅರೇಖೀಯ ಮಂಡಲಕ್ಕೆ ಹೊರಗಿನಿಂದ ತಾಳ ಕೊಟ್ಟು ಪರೀಕ್ಷಿಸುತ್ತಿದ್ದರು. ಮಂಡಲವು ಒಂದು ತಾಳದಿಂದ ಮತ್ತೊಂದು ತಾಳಕ್ಕೆ ನೆಗೆಯುವ ಮುನ್ನ ಟೆಲಿಫೋನಿನ ಕಿವಿಗೊಳವೆಯಲ್ಲಿ ಕ್ರಮವಿಲ್ಲದ ಸದ್ದೊಂದು ಕೇಳಿಬಂದಿತು. ಅವರು ಅದನ್ನು ಗೌಣವೆಂದು ಬಿಟ್ಟರು. ಹಲವು ದಶಕಗಳ ತರುವಾಯ, ನಿಯತವಾದ ನಿಯಮಗಳಿಂದಲೇ ಅನಿಯತವಾದ ವರ್ತನೆ ಹುಟ್ಟಬಲ್ಲುದೆಂಬ ತಿಳಿವಳಿಕೆ ಬಂದ ಮೇಲೆ, ಆ ಸದ್ದಿನ ಬೆಲೆ ಲೋಕಕ್ಕೆ ಗೊತ್ತಾಯಿತು. ಕೊಠಡಿಯ ಗದ್ದಲವನ್ನು ಕೇಳಿದೊಡನೆ ಬೆತ್ತವನ್ನೆತ್ತುವ ಅಧ್ಯಾಪಕನು ಎಷ್ಟೋ ಸಲ ಇಂಥ ಸದ್ದನ್ನೇ ಅಡಗಿಸುತ್ತಿರಬಹುದು.

೫. ಅಳಗುಳಿಮಣೆಯ ಪ್ರಯೋಗ

ಈಗ ಮೊದಲಲ್ಲಿ ಹೇಳಿದ ಪ್ರಯೋಗಕ್ಕೆ ಬರೋಣ. ಅಳಗುಳಿಮಣೆಯ ಅಕ್ಕಪಕ್ಕದ ಎರಡು ಕುಳಿಗಳನ್ನು ಉಳಿಸಿಕೊಂಡು ಮಿಕ್ಕವನ್ನು ಬಟ್ಟೆಯ ಚೂರುಗಳಿಂದ ತುಂಬಬೇಕು. ಕುಳಿಗಳು ಆಳವಾಗಿದ್ದರೆ ಅರ್ಧದವರೆಗೆ ಜೇಡಿಮಣ್ಣನ್ನು ಮೆತ್ತಬೇಕು. ಒಂದು ಕುಳಿಯಲ್ಲಿ ದುಂಡನೆಯ ಒಣ ಬಟಾಣಿಕಾಳನ್ನು ಇಡಬೇಕು.

ಮೊದಲನೆಯ ಹಂತ: ಮಣೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ, ಒಂದೇ ತಾಳದಲ್ಲಿ, ತೀರ ಕಡಿಮೆ ಓರೆಮಾಡಬೇಕು. ಕಾಳು ತನ್ನ ಕುಳಿಯಲ್ಲಿಯೇ ಅತ್ತಿತ್ತ ಹೊರಳುವುದಲ್ಲದೆ ನಡುವಣ ದಿಣ್ಣೆಯನ್ನು ದಾಟುವುದಿಲ್ಲ. ಓರೆಯೇ ಇಲ್ಲಿ ಸಂಜ್ಞೆ. ಸಂಜ್ಞೆ ದುರ್ಬಲವಾಗಿರುವುದರಿಂದ ಕಾಳಿಗೆ ಅದು ಕೇಳಿಸಿದರೂ ಉತ್ತರ ಹೊರಡುವುದಿಲ್ಲ.

ಎರಡನೆಯ ಹಂತ: ಅದೇ ಓರೆಯನ್ನು ಅದೇ ತಾಳದಲ್ಲಿ ಮುಂದುವರಿಸುತ್ತಿರುವಾಗಲೇ ಮತ್ತೊಬ್ಬನು ಮಣೆಯನ್ನು ಅಡಿಯಿಂದ ಬೆರಳುಗಳಿಂದ ಲಯವಿಲ್ಲದೆ ಮೆಲ್ಲನೆ ತಟ್ಟಬೇಕು. ಕಾಳು ಕುಪ್ಪಳಿಸತೊಡಗುತ್ತದೆ. ತಟ್ಟುವುದನ್ನು ಸ್ವಲ್ಪ ಹೆಚ್ಚಿಸಿದಾಗ ಒಂದು ಹದದಲ್ಲಿ ಕಾಳು ದಿಣ್ಣೆಯನ್ನು ದಾಟುತ್ತದೆ. ಅಷ್ಟೇ ಆಗಿದ್ದರೆ ಆಶ್ಚರ್ಯವಿರಲಿಲ್ಲ. ಮಣೆ ಬಲಕ್ಕೆ ಓರೆಯಾದಾಗ ಬಲಗುಳಿಗೆ, ಎಡಕ್ಕೆ ಓರೆಯಾದಾಗ ಎಡಗುಳಿಗೆ, ಎಂದರೆ ಬಹುತೇಕ ಓರೆಯ ತಾಳಕ್ಕೆ ಸರಿಯಾಗಿ ದಾಟುತ್ತದೆಯೆಂಬುದೇ ಆಶ್ಚರ್ಯ. ತಾಳವಿಲ್ಲದ ತಟ್ಟುವಿಕೆಯು ತಾಳವುಳ್ಳ ದುರ್ಬಲ ಸಂಜ್ಞೆಯನ್ನು ಎತ್ತಿ ಆಡಿಸಿತು.

ಮೂರನೆಯ ಹಂತ: ತಟ್ಟುವುದನ್ನು ಇನ್ನೂ ಜೋರುಮಾಡಿದರೆ ಕಾಳು ಹುಚ್ಚುಹಿಡಿದಂತೆ ಎಲ್ಲೆಲ್ಲಿಗೋ ಹಾರುತ್ತದೆ. ಓರೆಯ ತಾಳಕ್ಕೂ ಅದರ ದಾಟಾಟಕ್ಕೂ ಸಂಬಂಧವೇ ಉಳಿಯುವುದಿಲ್ಲ.

ಇದಕ್ಕೆ ಯಾದೃಚ್ಛಿಕ ಅನುರಣನವೆಂದು ಹೆಸರು. ಯದೃಚ್ಛೆ ಎಂದರೆ ತನ್ನಿಚ್ಛೆ, ಆಕಸ್ಮಿಕ. ಗದ್ದಲ ತೀರ ಕಡಿಮೆಯಾದರೆ ಸಂಜ್ಞೆ ಹೂತುಹೋಗುತ್ತದೆ. ತೀರ ಹೆಚ್ಚಾದರೆ ಕೊಚ್ಚಿಹೋಗುತ್ತದೆ. ನಡುವೆ ಒಂದು ಹದದಲ್ಲಿ ಮೇಲೆದ್ದು ಕಾಣುತ್ತದೆ. ಆ ಹದವನ್ನು ಗಣಿತದಿಂದ ಹೇಳಲೂ ಬರುತ್ತದೆ. ದಿಣ್ಣೆಯನ್ನು ಗದ್ದಲದ ಬಲದಿಂದ ದಾಟಲು ಸರಾಸರಿ ಎಷ್ಟು ಕಾಲ ಬೇಕೆಂಬುದನ್ನು ಹಾಲೆಂಡಿನ ಕ್ರಾಮರ್ಸ್ ೧೯೪೦ರಲ್ಲಿಯೇ ಲೆಕ್ಕಹಾಕಿದ್ದನು. ಆ ಕಾಲವು ಸಂಜ್ಞೆಯ ಆವರ್ತದ ಅರ್ಧಕ್ಕೆ ಸುಮಾರಾಗಿ ಸಮನಾದಾಗ ಗದ್ದಲವು ಹದದಲ್ಲಿದೆಯೆಂದು ತಿಳಿಯಬೇಕು.

ಎರಡು ಎಚ್ಚರಿಕೆಗಳು ಅವಶ್ಯ. ಇದು ಅರೇಖೀಯ ವ್ಯವಸ್ಥೆಗಳ ಗುಣ. ದಾಟಬೇಕಾದ ದಿಣ್ಣೆಯೊಂದು ಇರುವಲ್ಲಿ ಮಾತ್ರ ಸಲ್ಲುತ್ತದೆ. ಎರಡನೆಯದು, ಸಂಜ್ಞೆ ತಾನೇ ದಿಣ್ಣೆಯನ್ನು ದಾಟುವಷ್ಟು ಬಲವಾಗಿದ್ದರೆ ಗದ್ದಲವು ಸಾಮಾನ್ಯವಾಗಿ ಅದನ್ನು ಕೆಡಿಸುತ್ತದೆಯೇ ಹೊರತು ಉಪಕರಿಸುವುದಿಲ್ಲ. ಬಲವಾದುದಕ್ಕೆ ನಿಶ್ಶಬ್ದವೇ ಹಿತ. ದುರ್ಬಲವಾದುದಕ್ಕೆ ಮಾತ್ರ ಹದವಾದ ಗದ್ದಲ ಆಸರೆ.

೬. ಲೋಕದಲ್ಲಿ ಇದರ ವ್ಯಾಪ್ತಿ

ಈ ತತ್ತ್ವವು ಹುಟ್ಟಿದ್ದು ಭೂಮಿಯ ಹಿಮಯುಗಗಳ ವಿಚಾರದಿಂದ. ಈಚಿನ ಹಿಮಯುಗಗಳು ಸುಮಾರು ಒಂದು ಲಕ್ಷ ವರ್ಷಗಳಿಗೊಮ್ಮೆ ಮರಳಿ ಬಂದಿವೆ. ಭೂಮಿಯ ಕಕ್ಷೆಯ ಆಕಾರವೂ ಅದೇ ಅವಧಿಯಲ್ಲಿ ಬದಲಾಗುತ್ತದೆಯಾದರೂ, ಅದರಿಂದ ಒಟ್ಟು ಬಿಸಿಲಿನಲ್ಲಾಗುವ ವ್ಯತ್ಯಾಸ ಅತ್ಯಲ್ಪ. ಇಷ್ಟು ದುರ್ಬಲವಾದ ಸಂಜ್ಞೆಗೆ ಇಷ್ಟು ದೊಡ್ಡ ಉತ್ತರ ಹೇಗೆ ಸಾಧ್ಯ? ಇಟಲಿಯ ಬೆಂಜಿ, ಸುತೇರ, ವುಲ್ಪಿಯಾನಿ ಎಂಬವರು ೧೯೮೧ರಲ್ಲಿ ಒಂದು ಉತ್ತರವನ್ನು ಮುಂದಿಟ್ಟರು. ಭೂಮಿಯ ಹವೆಗೆ ಶೀತ ಮತ್ತು ಉಷ್ಣವೆಂಬ ಎರಡು ಕುಳಿಗಳಿವೆಯೆಂದೂ, ವರ್ಷ ವರ್ಷಕ್ಕೂ ಆಗುವ ಹವಾಮಾನದ ಏರುಪೇರುಗಳೇ ಗದ್ದಲವೆಂದೂ, ಆ ಗದ್ದಲವು ಕಕ್ಷೆಯ ದುರ್ಬಲ ತಾಳವನ್ನು ಎತ್ತಿಹಿಡಿಯುವುದೆಂದೂ ಅವರು ಊಹಿಸಿದರು. ಈ ವಿಚಾರದಲ್ಲಿ ಅವರೊಡನೆ ಕೆಲಸಮಾಡಿದ ಜಾರ್ಜಿಯೊ ಪಾರಿಸಿಗೆ, ಅವ್ಯವಸ್ಥಿತವಾದ ಜಟಿಲ ವ್ಯವಸ್ಥೆಗಳನ್ನು ಕುರಿತ ಸಂಶೋಧನೆಗಾಗಿ, ೨೦೨೧ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಹಿಮಯುಗಗಳಿಗೆ ಇದೊಂದೇ ಕಾರಣವೆಂದು ವಿಜ್ಞಾನಿಗಳು ಒಪ್ಪಿಲ್ಲ. ಆದರೆ ತತ್ತ್ವವು ಮಾತ್ರ ನಿಂತಿತು. ೧೯೮೩ರಲ್ಲಿ ಫ್ರಾನ್ಸಿನಲ್ಲಿ ವಿದ್ಯುನ್ಮಂಡಲದಲ್ಲಿಯೂ ೧೯೮೮ರಲ್ಲಿ ಅಮೆರಿಕದಲ್ಲಿ ಲೇಸರ್ ಯಂತ್ರದಲ್ಲಿಯೂ ಅದನ್ನು ಕಣ್ಣಾರೆ ತೋರಿಸಲಾಯಿತು.

ಪ್ರಾಣಿಗಳಲ್ಲಿಯೂ ಇದು ಕಂಡುಬಂದಿದೆ. ಸಿಹಿನೀರಿನ ಕ್ರೇಫಿಶ್ ಎಂಬ ಸಿಗಡಿಯಂಥ ಪ್ರಾಣಿಯ ಬಾಲದ ರೋಮಗಳು ನೀರಿನ ಅಲುಗಾಟವನ್ನು ಗ್ರಹಿಸುತ್ತವೆ. ಹದವಾದ ಗದ್ದಲವಿದ್ದಾಗ ಅವು ದುರ್ಬಲ ಸಂಜ್ಞೆಯನ್ನು ಹೆಚ್ಚು ಚೆನ್ನಾಗಿ ಗ್ರಹಿಸಿದುವೆಂದು ೧೯೯೩ರಲ್ಲಿ ಪ್ರಕಟವಾಯಿತು. ಪ್ಯಾಡಲ್ ಫಿಶ್ ಎಂಬ ಮೀನು ತನ್ನ ಆಹಾರವಾದ ಸೂಕ್ಷ್ಮಜೀವಿಗಳ ವಿದ್ಯುತ್ತನ್ನು ಗ್ರಹಿಸಿ ಅವನ್ನು ಹಿಡಿಯುತ್ತದೆ. ತೊಟ್ಟಿಯ ನೀರಿನಲ್ಲಿ ಹದವಾದ ವಿದ್ಯುತ್ ಗದ್ದಲವನ್ನು ಬೆರೆಸಿದಾಗ ಅದು ಇನ್ನೂ ದೂರದ ಆಹಾರವನ್ನು ಹಿಡಿಯಿತೆಂದು ೧೯೯೯ರಲ್ಲಿ ವರದಿಯಾಯಿತು. ಮನುಷ್ಯರ ಮಾತಿಗೆ ಬಂದರೆ, ೨೦೦೩ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೃದ್ಧರ ಅಂಗಾಲಿನ ಅಡಿಗೆ, ಅವರಿಗೆ ತಿಳಿಯದಷ್ಟು ಮೆಲ್ಲಗೆ ತಾಳವಿಲ್ಲದೆ ನಡುಗುವ ಮೆತ್ತೆಗಳನ್ನಿಟ್ಟಾಗ ಅವರು ನಿಂತಲ್ಲಿ ಓಲಾಡುವುದು ಕಡಿಮೆಯಾಯಿತು. ಮುಪ್ಪಿನಿಂದ ಮಂದವಾದ ಅಂಗಾಲಿನ ನರಗಳು ಗದ್ದಲದ ಆಸರೆಯಿಂದ ನೆಲದ ಸುದ್ದಿಯನ್ನು ಕೇಳಿಸಿಕೊಂಡುವು.

೭. ತರಗತಿಯಲ್ಲಿ ಒಂದು ಮಳೆಗಾಲ

ಇನ್ನು ನನ್ನ ಒಂದು ತಪ್ಪನ್ನು ಹೇಳಿಕೊಂಡು ಮುಗಿಸುತ್ತೇನೆ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಬೇರೊಂದು ಹಳ್ಳಿಯ ಶಾಲೆಯಲ್ಲಿದ್ದೆನು. ನಿಶ್ಶಬ್ದವೇ ನನ್ನ ತರಗತಿಯ ಮೊದಲ ನಿಯಮ. ಸೂಜಿ ಬಿದ್ದರೆ ಕೇಳಬೇಕು. ಹಾಗೆ ಕೇಳುವ ಮೌನದಲ್ಲಿ ಒಬ್ಬೊಬ್ಬನೇ ಎದ್ದುನಿಂತು ಪದ್ಯವನ್ನು ಒಪ್ಪಿಸಬೇಕು. ಹುಡುಗನೊಬ್ಬನು ಎದ್ದು ನಿಲ್ಲುತ್ತಿದ್ದನು, ತುಟಿ ಅಲುಗುತ್ತಿತ್ತು, ಸ್ವರ ಹೊರಡುತ್ತಿರಲಿಲ್ಲ. ಅವನಿಗೆ ಏನೂ ಬಾರದೆಂದು ನಿಶ್ಚಯಿಸಿ, ಮಂದಮತಿಯೆಂದು ದಾಖಲೆಯಲ್ಲಿ ಬರೆದು, ಕೊನೆಯ ಸಾಲಿನಲ್ಲಿ ಕೂರಿಸಿದೆನು.

ಆ ವರ್ಷದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಹೆಂಚಿನ ಮೇಲೆ ಮಳೆ ಹುಯ್ಯತೊಡಗಿತು. ನನ್ನ ಮಾತು ನನಗೇ ಕೇಳದಾಯಿತು. ಪಾಠ ನಿಲ್ಲಿಸಲು ಮನಸ್ಸಿಲ್ಲದೆ ಎಲ್ಲರೂ ಒಟ್ಟಿಗೆ ಪದ್ಯವನ್ನು ಹೇಳಿರೆಂದೆನು. ಒಬ್ಬೊಬ್ಬನದು ಒಂದೊಂದು ಲಯ. ಮಳೆಯ ಸದ್ದು ಬೇರೆ. ಆ ಗದ್ದಲದಲ್ಲಿ ಕೊಠಡಿಯ ಹಿಂಬದಿಗೆ ನಡೆದುಹೋದ ನಾನು ಕೊನೆಯ ಸಾಲಿನ ಪಕ್ಕದಲ್ಲಿ ನಿಂತಾಗ ಒಂದು ತೆಳುವಾದ ಸ್ವರ ಕಿವಿಗೆ ಬಿದ್ದಿತು. ಒಂದಕ್ಷರ ತಪ್ಪದೆ, ಯತಿ ತಪ್ಪದೆ ಆ ಹುಡುಗನು ಇಡೀ ಪದ್ಯವನ್ನು ಹೇಳುತ್ತಿದ್ದನು. ಮಳೆ ನಿಂತಿತು. ಎದ್ದುನಿಂತು ಮತ್ತೊಮ್ಮೆ ಹೇಳೆಂದೆನು. ಮೌನ ಕವಿಯಿತು, ಸ್ವರ ಹೊರಡಲಿಲ್ಲ.

ಅಂದು ನಾನು ಅದರ ಅರ್ಥವನ್ನು ತಿಳಿದುಕೊಳ್ಳಲಿಲ್ಲ. ಹಟಮಾರಿಯೆಂದು ಗದರಿಸಿ ಕೂರಿಸಿದೆನು. ಮರುವರ್ಷ ಅವನು ಶಾಲೆಯನ್ನು ಬಿಟ್ಟನು. ದಾಖಲೆಯಲ್ಲಿ ನಾನು ಬರೆದ ಮಾತು ಹಾಗೆಯೇ ಉಳಿಯಿತು. ಅಳಗುಳಿಮಣೆಯ ಕಾಳು ದಿಣ್ಣೆಯನ್ನು ದಾಟಿದ ಆ ಸಂಜೆ ನನ್ನ ಮಿತ್ರರು ಸಂತೋಷದಿಂದ ವಿವರಿಸುತ್ತಿದ್ದಾಗ ನನ್ನ ಕಣ್ಣ ಮುಂದೆ ಇದ್ದವನು ಆ ಹುಡುಗ.

ಮನುಷ್ಯನ ಮನಸ್ಸು ಮಣೆಯೂ ಅಲ್ಲ, ಕಾಳೂ ಅಲ್ಲ. ಆ ಹುಡುಗನ ಸಂಕೋಚಕ್ಕೆ ಭೌತವಿಜ್ಞಾನದ ನಿಯಮವೇ ಕಾರಣವೆಂದು ಹೇಳುವ ಸಾಹಸವನ್ನು ನಾನು ಮಾಡುವುದಿಲ್ಲ. ಇದು ಉಪಮಾನ ಮಾತ್ರ. ಆದರೆ ಉಪಮಾನವೂ ಕಣ್ಣು ತೆರೆಯಿಸಬಲ್ಲುದು. ನಾನು ಕಟ್ಟಿದ ಮೌನವು ಬಲವಾದ ಸ್ವರವುಳ್ಳವರಿಗೆ ಅನುಕೂಲವಾಗಿತ್ತು. ದುರ್ಬಲ ಸ್ವರದವನಿಗೆ ಅದು ದಾಟಲಾರದ ದಿಣ್ಣೆಯಾಗಿತ್ತು.

ಉಪಸಂಹಾರ

ಆ ಸಂಜೆಯ ತರುವಾಯ ನನ್ನ ಪಾಠದ ಕ್ರಮದಲ್ಲಿ ಒಂದು ಬದಲಾವಣೆಯನ್ನು ಮಾಡಿಕೊಂಡಿದ್ದೇನೆ. ಕಂಠಪಾಠವನ್ನು ಮೊದಲು ಎಲ್ಲರೂ ಕೂಡಿ, ಬಳಿಕ ನಾಲ್ವರು ಕೂಡಿ, ಬಳಿಕ ಇಬ್ಬರು, ಕೊನೆಯಲ್ಲಿ ಒಬ್ಬರು ಹೇಳುತ್ತಾರೆ. ಕೂಡಿ ಹೇಳುವಾಗ ನಾನು ಸಾಲುಗಳ ನಡುವೆ ನಡೆಯುತ್ತ ಕಿವಿಗೊಡುತ್ತೇನೆ. ಗದ್ದಲ ಮಿತಿಮೀರಿದರೆ ನಿಲ್ಲಿಸುತ್ತೇನೆ, ಸತ್ತುಹೋದರೆ ಎಬ್ಬಿಸುತ್ತೇನೆ. ಆ ಹದವನ್ನು ಅಧ್ಯಾಪಕನು ದಿನವೂ ತನ್ನ ಕಿವಿಯಿಂದಲೇ ಹುಡುಕಿಕೊಳ್ಳಬೇಕು, ತಂಬೂರಿಯ ಎಳೆಯನ್ನು ವಾದಕನು ಹುಡುಕಿಕೊಳ್ಳುವಂತೆ.

ನಮ್ಮ ಶಾಲೆಗೆ ಧನವನ್ನೂ ಧಾನ್ಯವನ್ನೂ ಶ್ರಮವನ್ನೂ ಧಾರೆಯೆರೆದ ಮಹನೀಯರಲ್ಲಿಯೂ ಒಂದು ವಿಜ್ಞಾಪನೆ. ಶಿಕ್ಷಣವು ರೇಖೀಯವಾದುದಲ್ಲ. ಇಷ್ಟು ಕೊಟ್ಟುದಕ್ಕೆ ಇಷ್ಟು ಫಲವೆಂದು ವರ್ಷದ ಕೊನೆಯಲ್ಲಿ ಗೆರೆಯೆಳೆದು ತೋರಿಸಲಾಗದು. ಎಷ್ಟೋ ಮಕ್ಕಳು ದಿಣ್ಣೆಯ ಈಚೆಗೆ ಬಹುಕಾಲ ಹೊರಳಾಡುತ್ತಿರುತ್ತಾರೆ. ದಾಟುವ ಕ್ಷಣ ಬಂದಾಗ ಅದಕ್ಕೆ ಕಾರಣವಾದ ಚಿಕ್ಕ ತಟ್ಟುವಿಕೆ ಯಾರದೆಂದು ಯಾರಿಗೂ ತಿಳಿಯದೆ ಹೋಗಬಹುದು. ಆದರೂ ತಟ್ಟುತ್ತಲೇ ಇರಬೇಕು. ಹಳೆಯ ವಿದ್ಯಾರ್ಥಿಗಳು ತಮ್ಮನ್ನು ದಾಟಿಸಿದ ಅಂಥ ಒಂದು ತಟ್ಟುವಿಕೆಯನ್ನು ನೆನೆದುಕೊಂಡರೆ ಈ ಮಾತಿನ ನಿಜ ಅವರಿಗೆ ತಾನಾಗಿ ಹೊಳೆಯುವುದು.

ತನ್ನ ಕ್ಷೇತ್ರವಲ್ಲದ ವಿಷಯವನ್ನು ಕುರಿತು ಬರೆದ ಈ ಪಾಠದಲ್ಲಿ ಲೋಪದೋಷಗಳಿದ್ದರೆ ಬಲ್ಲವರು ಮನ್ನಿಸಿ ತಿದ್ದಬೇಕೆಂದು ಬೇಡಿಕೊಂಡು ವಿರಮಿಸುತ್ತೇನೆ.